ಬಡ್ಡಿ ಇಳಿಯುವವರೆಗೆ ಕಾಯಬೇಕೆ?



ಬಡ್ಡಿ ಇನ್ನಷ್ಟು ಇಳಿದ ಮೇಲೆಯೇ ಬೆಂಗಳೂರಿನಲ್ಲಿ ಮನೆ ಕೊಳ್ಳುವುದು ಲೇಸಲ್ಲವೆ ಎಂದು ಕೇಳಿರುವಿರಿ. ಹಣದುಬ್ಬರವನ್ನು ನಿಗ್ರಹಿಸುವ ಸಲುವಾಗಿ ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಬ್ಯಾಂಕುಗಳ ಸಾಲದ ಬಡ್ಡಿಗೆ ಆಧಾರವಾಗುವ ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿದಾಗ, ಇಪ್ಪತ್ತು ವರ್ಷದ ಅವಧಿಗೆ 50 ಲಕ್ಷ ಸಾಲ ಪಡೆದು ಶೇಕಡಾ 7ರ ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 38,800 ರೂಪಾಯಿ ಕಟ್ಟಬೇಕಾಗಿದ್ದ ಗೃಹಸ್ಥನ ಕಂತು, ಬಡ್ಡಿ ಶೇಕಡಾ 9ನ್ನು ಮುಟ್ಟಿದೊಡನೆ 45,000ದ ಸಮೀಪಕ್ಕೇರುವಂತಾಯಿತು. ಕಂತನ್ನು ಏರಿಸದಿದ್ದಲ್ಲಿ ಸಾಲದ ಅವಧಿಯೇ ನಿವೃತ್ತಿಯ ಆಚೆಗೆ ಚಾಚತೊಡಗಿತು.

2025ರಲ್ಲಿ ದರ ಇಳಿದುದು ನಿಜ. ಆದರೆ ಅಗ್ಗದ ಸಾಲವು ತಮಗೊಬ್ಬರಿಗೇ ದೊರೆಯುವುದಲ್ಲವಾದ ಕಾರಣ, ಕೊಳ್ಳುವವರೆಲ್ಲರ ಕೈಗೂ ಬಂದು, ಒಳ್ಳೆಯ ನಿವೇಶನ ವಿರಳವಾಗಿರುವ ಊರಿನಲ್ಲಿ ಬೆಲೆಯನ್ನೇ ಮೇಲೆತ್ತುವುದು ಸಹಜ. ಇತ್ತ ರಾಜ್ಯ ಸರ್ಕಾರವು 2023ರ ಅಕ್ಟೋಬರಿನಲ್ಲಿ ನೋಂದಣಿ ವೆಚ್ಚಕ್ಕೆ ಆಧಾರವಾದ ಮಾರ್ಗಸೂಚಿ ದರವನ್ನು ಪರಿಷ್ಕರಿಸಿ, 2025ರ ಆಗಸ್ಟ್ ಅಂತ್ಯದಲ್ಲಿ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಹೆಚ್ಚಿಸಿತು. 60 ಲಕ್ಷದ ಮನೆಗೆ ಇದರಿಂದ ಅಧಿಕವಾಗುವ 60,000 ರೂಪಾಯಿಗೆ ಗೃಹಸಾಲ ಸಾಮಾನ್ಯವಾಗಿ ಒದಗದು, ಉಳಿತಾಯದಿಂದಲೇ ತೆರಬೇಕು. ಮೊದಲ ಮನೆ ಕೊಳ್ಳುವ ಮಧ್ಯಮವರ್ಗದವರ ಮೇಲೆ ಇಂಥ ಭಾರ ಹೊರಿಸುವುದು ನನಗೆ ನ್ಯಾಯವೆಂದು ತೋರದು.

ಆದುದರಿಂದ ದರದ ಭವಿಷ್ಯವನ್ನು ಊಹಿಸುವ ಗೋಜಿಗೆ ಹೋಗದೆ, ಬಡ್ಡಿ ಇನ್ನೆರಡು ಶೇಕಡಾ ಅಂಶ ಏರಿದರೂ ಕಂತು ಸಂಬಳದ ಮೂರನೆಯ ಒಂದು ಪಾಲನ್ನು ಮೀರದಷ್ಟೇ ಸಾಲ ಮಾಡಿರಿ. ನಿರ್ಮಾಣ ಹಂತದ ಫ್ಲ್ಯಾಟಿಗೆ ಸಾಮಾನ್ಯವಾಗಿ ಶೇಕಡಾ 5ರ ಜಿಎಸ್‌ಟಿ ಉಂಟು, ನಿರ್ಮಾಣ ಪೂರ್ಣಗೊಂಡುದಕ್ಕೆ ಪ್ರಮಾಣಪತ್ರ ಪಡೆದ ಮನೆಗೆ ಇಲ್ಲ. ಮುಂಗಡ ಕೊಡುವ ಮುನ್ನ ಆ ಪತ್ರವನ್ನೂ ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಕಣ್ಣಾರೆ ನೋಡಿರಿ.