ಶೋಧನೆಗೆ ಮುಂಚಿನ ಗಳಿಗೆ

ಓದತಕ್ಕ ವೇದಭಾಗ: ಮತ್ತಾಯ 26:31–46, 69–75, ಯೋಹಾನ 21:1–17.

ಪೇತ್ರನು ಎಲ್ಲಿ ಬಿದ್ದನೆಂದು ಕೇಳಿದರೆ, ಮಹಾಯಾಜಕನ ಅಂಗಳದಲ್ಲಿ ಎಂದು ನಮ್ಮ ಚಿಕ್ಕ ಮಕ್ಕಳೂ ಉತ್ತರ ಕೊಡುವರು. ಅದು ನಿಜವೇ. ಆದರೆ ಈ ಭಾಗವನ್ನು ನಿಧಾನವಾಗಿ ಓದುವವರಿಗೆ, ಅವನು ಅಂಗಳಕ್ಕೆ ಬರುವದಕ್ಕೆ ಮುಂಚೆಯೇ ಗೆತ್ಸೇಮನೆ ತೋಟದಲ್ಲಿ ಸೋತಿದ್ದನೆಂದು ತಿಳಿದುಬರುವದು.

1. ತೋಟದಲ್ಲಿ.—ಎಲ್ಲರೂ ಬಿಟ್ಟುಹೋದರೂ ತಾನು ಬಿಡುವದಿಲ್ಲವೆಂದು ಪೇತ್ರನು ಆ ರಾತ್ರಿ ಧೈರ್ಯವಾಗಿ ನುಡಿದಿದ್ದನು. ಅವನು ಕಪಟದಿಂದ ಹಾಗೆ ಹೇಳಲಿಲ್ಲ, ತನ್ನ ಬಲವನ್ನೇ ನಂಬಿ ಹೇಳಿದನು. ಎಚ್ಚರಿಕೆಯೂ ಬೇಕು, ಪ್ರಾರ್ಥನೆಯೂ ಬೇಕು ಎಂದು ಕರ್ತನು ಅಪ್ಪಣೆಕೊಟ್ಟಾಗ ಅವನು ನಿದ್ರೆಹೋದನು. ಕರ್ತನು ಮೂರು ಸಾರಿ ಬಂದು ನೋಡಿದನು. ಅನಂತರ ಪೇತ್ರನು ಮೂರು ಸಾರಿ ಕರ್ತನನ್ನು ಅರಿಯೆನೆಂದನು. ಪ್ರಾರ್ಥನೆಯ ಹೊತ್ತನ್ನು ನಿದ್ರೆಯಲ್ಲಿ ಕಳೆದವನಿಗೆ ಒಬ್ಬ ದಾಸಿಯ ಮಾತನ್ನು ತಾಳುವದಕ್ಕೂ ಶಕ್ತಿ ಇಲ್ಲದೆ ಹೋಯಿತು.

2. ಸಂತೆಯಲ್ಲಿ.—ಕೂಲಿಗಾರನಾದ ಒಬ್ಬ ಸಹೋದರನನ್ನು ನೆನಸಿರಿ. ಕುಡಿತವನ್ನು ಬಿಡುವೆನೆಂದು ಅವನು ಆದಿತ್ಯವಾರ ಸಭೆಯ ಮುಂದೆ ಕಣ್ಣೀರಿಟ್ಟು ಹೇಳಿದನು. ಸಂತೆಯ ದಿನ ವಾರದ ಕೂಲಿ ಕೈಗೆ ಬಂತು. ಹಳೇ ಜೊತೆಗಾರನು, "ಬಾರೋ, ಸ್ವಲ್ಪ ಹೊತ್ತು ಕೂತು ಹೋಗೋಣ" ಎಂದನು. ರಾತ್ರಿ ಅವನು ಮನೆಗೆ ಬಂದಾಗ ಕೈಯಲ್ಲಿ ಹಣವೂ ಇಲ್ಲ, ಚೀಲದಲ್ಲಿ ಅಕ್ಕಿಯೂ ಇಲ್ಲ. ಮಕ್ಕಳು ಹಸಿದೇ ಮಲಗಿದ್ದರು. ಅವನು ಸೋತದ್ದು ಅಂಗಡಿಯ ಬಾಗಿಲಲ್ಲಿಯೋ? ಅಲ್ಲ, ಬೆಳಿಗ್ಗೆ ಪ್ರಾರ್ಥಿಸದೆ ಮನೆಯ ಹೊಸ್ತಿಲನ್ನು ದಾಟಿದಾಗಲೇ.

ಕರ್ನಾಟಕದಲ್ಲಿ ಸರಕಾರವು 2007ನೆಯ ಇಸವಿಯಲ್ಲಿ ಸಾರಾಯಿಯ ಮಾರಾಟವನ್ನು ನಿಷೇಧಿಸಿತು. ಆದರೂ ಕುಡಿತವು ನಿಂತುಹೋಗಲಿಲ್ಲ. ಬೇರೆ ಮದ್ಯದ ಅಂಗಡಿಗಳು ಉಳಿದವು. ಕಾನೂನು ಒಂದು ಬಾಗಿಲನ್ನು ಮುಚ್ಚಬಲ್ಲದು, ಹೃದಯದ ಆಶೆಯನ್ನು ಅಡಗಿಸಲಾರದು. ತಕ್ಕಡಿಯ ಮೋಸ, ನೆರೆಯವರ ಮೇಲಣ ಚಾಡಿ, ಕೋಪದ ಮಾತು, ಇವುಗಳ ವಿಷಯದಲ್ಲಿಯೂ ಹೀಗೆಯೇ.

3. ನಾವು ಮಾಡತಕ್ಕದ್ದು.—ಮೊದಲನೆಯದಾಗಿ, ಶೋಧನೆ ಬರುವದಕ್ಕೆ ಮುಂಚೆಯೇ ಪ್ರಾರ್ಥಿಸಬೇಕು. "ನನ್ನನ್ನು ಕಾಪಾಡು" ಎಂದಷ್ಟೇ ಹೇಳದೆ, ನಮ್ಮ ಪಾಪವನ್ನು ಹೆಸರಿಟ್ಟು ದೇವರಿಗೆ ಅರಿಕೆಮಾಡಬೇಕು. ಎರಡನೆಯದಾಗಿ, ಎಚ್ಚರವಾಗಿರಬೇಕು. ಕೂಲಿಯನ್ನು ಕೂಡಲೇ ಹೆಂಡತಿಯ ಕೈಗೆ ಕೊಡಲಿ. ಅಂಗಡಿಯಿಲ್ಲದ ದಾರಿಯನ್ನು ಹಿಡಿಯಲಿ. ಸಭೆಯ ಒಬ್ಬ ಸಹೋದರನನ್ನು ಜೊತೆಗೆ ಕರೆಯಲಿ. ಪ್ರಾರ್ಥಿಸಿದ ಮೇಲೆ ಬೇಕೆಂದೇ ಹಳೇ ಬಾಗಿಲಿಗೆ ಹೋಗುವವನು ದೇವರನ್ನು ಪರೀಕ್ಷಿಸುವವನಾಗಿದ್ದಾನೆ. ಬಹು ಕಾಲ ವಿಪರೀತ ಕುಡಿದವನು ಥಟ್ಟನೆ ಬಿಟ್ಟರೆ ಮೈ ನಡುಕವೂ ಬುದ್ಧಿಭ್ರಮೆಯೂ ಉಂಟಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಅಂಥವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವದು ಅಪನಂಬಿಕೆಯಲ್ಲ.

4. ಬಿದ್ದವನಿಗೆ ನಿರೀಕ್ಷೆ.—ಪೇತ್ರನು ಕರ್ತನನ್ನು ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಹತ್ತಿರ ಚಳಿಕಾಯಿಸಿಕೊಳ್ಳುತ್ತಿದ್ದಾಗ (ಯೋಹಾನ 18:18). ಪುನರುತ್ಥಾನವಾದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಅವನಿಗಾಗಿ ಸಿದ್ಧಮಾಡಿದ್ದೂ ಇದ್ದಲಿನ ಬೆಂಕಿಯೇ (ಯೋಹಾನ 21:9). ಅಲ್ಲಿ ಮೊದಲು ಊಟಕ್ಕೆ ಕರೆದನು. ಆ ಮೇಲೆ ಮೂರು ಸಾರಿ ಅವನ ಪ್ರೀತಿಯನ್ನು ವಿಚಾರಿಸಿ, ತನ್ನ ಕುರಿಗಳನ್ನು ಅವನ ವಶಕ್ಕೆ ಒಪ್ಪಿಸಿದನು. ಪೇತ್ರನು ಬೀಳುವದಕ್ಕೆ ಮುಂಚೆಯೇ ಕರ್ತನು ಅವನಿಗೋಸ್ಕರ ಪ್ರಾರ್ಥಿಸಿದ್ದನು (ಲೂಕ 22:32). ಆದಕಾರಣ ಬಿದ್ದವನು ನಾಚಿ ಸಭೆಯಿಂದ ದೂರವಾಗದಿರಲಿ. ಸಭೆಯವರೂ ಅವನನ್ನು ಹೀಯಾಳಿಸದೆ, ಕರ್ತನಂತೆ ಊಟಕ್ಕೆ ಕರೆಯಲಿ.

ಪ್ರಶ್ನೆಗಳು:
1. ಪೇತ್ರನ ಸೋಲು ಎಲ್ಲಿ ಆರಂಭವಾಯಿತು?
2. ನಿನಗೆ ಶೋಧನೆಯು ಯಾವ ದಿನ, ಯಾವ ದಾರಿಯಲ್ಲಿ ಬರುತ್ತದೆ? ಅದಕ್ಕೆ ಮುಂಚಿನ ಗಳಿಗೆಯನ್ನು ಹೇಗೆ ಕಳೆಯುತ್ತೀ?
3. ಈ ವಾರ ನೀನು ಯಾವ ಸಹೋದರನಿಗೆ ಜೊತೆಯಾಗುವಿ?