ಯುದ್ಧಕ್ಕೆ ಹೋಗಿ ಬಾರದ ಮುತ್ತಜ್ಜ: ಪತ್ತೆಗೆ ಎಂಟು ಸೂತ್ರ

“ಬಸ್ರಾಕ್ಕೆ ಹೋದವರು ಮತ್ತೆ ಬರಲಿಲ್ಲವಂತೆ.” ಹಳೆಯ ಮೈಸೂರು, ಕೊಡಗು, ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಮಹಾಯುದ್ಧದಲ್ಲಿ ಇರಾಕಿಗೆ ಹೋದ ಮುತ್ತಜ್ಜನ ಕಥೆ ಇಷ್ಟಕ್ಕೇ ನಿಲ್ಲುತ್ತದೆ. ಮುಂದಿನದನ್ನು ಹುಡುಕಿ ತೆಗೆಯಬಹುದು. ಆದರೆ ಹೆಸರು ಹಿಡಿದು ಹೊರಟವರು ಅಲೆಯುತ್ತಾರೆ, ಪಲ್ಟನ್ (ರೆಜಿಮೆಂಟ್) ಹಿಡಿದು ಹೊರಟವರಿಗೆ ದಾರಿ ಸಿಗುತ್ತದೆ.

1. ಮೊದಲು ಅಟ್ಟ ಹತ್ತಿ, ಟ್ರಂಕು ತೆಗೆಯಿರಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಕಪ್ಪಾಗಿದೆಯೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರವೇ ಸವೆದುಹೋದೀತು. ಓರೆ ಬೆಳಕಿನಲ್ಲಿ ಹಿಡಿದು ಅಂಚಿನ ಸುತ್ತ ಫೋಟೋ ತೆಗೆಯಿರಿ. ಬ್ರಿಟಾನಿಯಾ ದೇವಿಯೂ ಸಿಂಹವೂ ಇರುವ, ಅಂಗೈಯಗಲದ ಕಂಚಿನ ಬಿಲ್ಲೆ ಸಿಕ್ಕರೆ ಅದು ಮಡಿದ ಸೈನಿಕನ ಮನೆಗೆ ಸರ್ಕಾರ ಕಳಿಸಿದ್ದು. ಅದರಲ್ಲಿ ಬರೀ ಹೆಸರಿರುತ್ತದೆ, ಹುದ್ದೆ ಪಲ್ಟನ್ ಇರುವುದಿಲ್ಲ. ಆದರೂ ಸೇವೆಗೆ ಸಂಬಂಧಿಸಿ ಸಾವಾಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಮನೆಯಲ್ಲಿ ಸಿಗಲಾರದು.

2. ಹಿರಿಯರಿಗೆ ಸರಿಯಾದ ಪ್ರಶ್ನೆ ಹಾಕಿ. “ಎಲ್ಲಿ ಸತ್ತರು?” ಎಂದರೆ ದಂತಕಥೆ ಬರುತ್ತದೆ. “ಪಿಂಚಣಿ ಯಾರ ಹೆಸರಿಗೆ ಬರುತ್ತಿತ್ತು, ಯಾವ ಖಜಾನೆಗೆ ಹೋಗಿ ತರುತ್ತಿದ್ದರು?” ಎಂದರೆ ಊರು, ಹೆಸರು, ಕೆಲವೊಮ್ಮೆ ಕಾಗದವೂ ಹೊರಬರುತ್ತದೆ.

3. ಅಂದಿನ ನಕ್ಷೆಯಲ್ಲಿ ಹುಡುಕಿ. 1914ರಲ್ಲಿ ಇಂದಿನ ಕರ್ನಾಟಕ ಇರಲಿಲ್ಲ. ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದವು, ಅಲ್ಲಿನವರಾದರೆ ಮರಾಠಾ ಪಲ್ಟನ್‌ಗಳನ್ನು ನೋಡಿ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನವು, ಅಲ್ಲಿಯವರಿಗೆ ಮದ್ರಾಸ್ ಸ್ಯಾಪರ್ಸ್, ಪಯನೀರ್ಸ್ (ರಸ್ತೆ, ಸೇತುವೆ ಕಟ್ಟುವ ದಳಗಳು). ಮೈಸೂರು ಸಂಸ್ಥಾನದವರಾದರೆ ಮಹಾರಾಜರ ಲ್ಯಾನ್ಸರ್ಸ್ ಎಂಬ ಕುದುರೆ ದಳ ಅಥವಾ ಸಾಗಣೆ ದಳ ಇರಬಹುದು. ಸಂಸ್ಥಾನದ ಸೈನ್ಯ ಬೇರೆ, ಬ್ರಿಟಿಷ್ ಭಾರತೀಯ ಸೇನೆ ಬೇರೆ. ಕಡತಗಳೂ ಬೇರೆ ಬೇರೆ ಕಡೆ ಇವೆ. ಸಂಸ್ಥಾನದ ಕಾಗದಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಶುರುಮಾಡಿ.

4. ಸಂಖ್ಯೆಯೊಂದನ್ನೇ ನಂಬಬೇಡಿ. ಆಗ ಪ್ರತಿ ಪಲ್ಟನ್ನೂ ತನ್ನದೇ ಸಂಖ್ಯೆ ಕೊಡುತ್ತಿತ್ತು. 1250 ಎಂಬ ಸಿಪಾಯಿ ಹತ್ತು ಪಲ್ಟನ್‌ಗಳಲ್ಲಿ ಹತ್ತು ಜನ.

5. ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ ನೋಡಿ. ಇಡೀ ಕೆಲಸದ ಜೀವಾಳ ಇದು, ಅಂತರಜಾಲದಲ್ಲಿ ಉಚಿತ. ಭಾರತೀಯ ಸಿಪಾಯಿಗಳ ನಮೂದುಗಳಲ್ಲಿ ಎಷ್ಟೋ ಕಡೆ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಇವೆ. ಹೆಸರಿನಿಂದ ಸಿಗದಿದ್ದರೆ ಹೆಚ್ಚುವರಿ ಮಾಹಿತಿಯ ಅಂಕಣದಲ್ಲಿ ಊರಿನಿಂದ ಹುಡುಕಿ. ಊರನ್ನು ಅಂದಿನ ದೊರೆಗಳ ನಾಲಿಗೆಯಲ್ಲಿ ಬರೆಯಬೇಕು: ಮಡಿಕೇರಿ ಮರ್ಕಾರಾ, ಕೊಡಗು ಕೂರ್ಗ್, ಚಿತ್ರದುರ್ಗ ಚಿತಲ್‌ಡ್ರೂಗ್. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ. ಹೆಸರಿನ ಕೊನೆಯ ಅಪ್ಪ, ಅಯ್ಯ, ಗೌಡ ಬಿಟ್ಟೂ ನೋಡಿ, ಸೇರಿಸಿಯೂ ನೋಡಿ. ಗುಮಾಸ್ತ ಕೇಳಿಸಿಕೊಂಡಂತೆ ಬರೆದುಕೊಂಡಿದ್ದಾನೆ, ಅಷ್ಟೆ. ಕೊಡಗಿನವರಿಗೆ ಮನೆತನದ ಹೆಸರಿನ ಅನುಕೂಲವುಂಟು. ಮುತ್ತಜ್ಜ ಬಂದೂಕು ಹಿಡಿದವರೇ ಆಗಿರಬೇಕಿಲ್ಲ. ಕುದುರೆ ಲಾಯದ ಸೈಸ್, ನೀರು ಹೊತ್ತ ಭಿಸ್ತಿ, ಅಡುಗೆಯವರು ಕೂಡ ಈ ಪಟ್ಟಿಯಲ್ಲಿದ್ದಾರೆ.

6. ಗೋರಿಯ ಆಸೆ ಇಟ್ಟುಕೊಳ್ಳಬೇಡಿ. ಹಿಂದೂ, ಸಿಖ್ ಸೈನಿಕರನ್ನು ಸಾಧ್ಯವಿದ್ದಲ್ಲಿ ದಹನ ಮಾಡುತ್ತಿದ್ದರು, ಹಾಗಾಗಿ ಅವರ ನೆನಪು ಉಳಿದಿರುವುದು ಹೆಚ್ಚಾಗಿ ಸ್ಮಾರಕಗಳಲ್ಲೇ. ಫ್ರಾನ್ಸಿನಲ್ಲಿ ಮಡಿದವರಿಗೆ ನವ್ ಶಪೆಲ್, ಸೂಯೆಜ್ ಕಡೆ ಮಡಿದವರಿಗೆ ಕೈರೋದ ಹೆಲಿಯೊಪೊಲಿಸ್, ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರ, ಮಲಯದಲ್ಲಿ ಮಡಿದವರಿಗೆ ಸಿಂಗಪುರದ ಕ್ರಾಂಜಿ. ಬಸ್ರಾ ಸ್ಮಾರಕದ ಕಥೆ ಬೇಸರ ತರಿಸುವಂಥದು. ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ಸತ್ತು, ಗೋರಿಯೇ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರಿಗಾಗಿ ಕಟ್ಟಿದ್ದು ಅದು. ಅಧಿಕಾರಿಗಳ ಹೆಸರು ಕಲ್ಲಿನಲ್ಲಿ ಕೊರೆದರು. ಭಾರತೀಯ ಸಿಪಾಯಿಗಳದು ಪಲ್ಟನ್‌ವಾರು ಲೆಕ್ಕ ಮಾತ್ರ. ಈ ತಾರತಮ್ಯವನ್ನು ಕಮಿಷನ್ ತಾನೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

7. ತಾರೀಖು ಸಿಕ್ಕಿತೇ? ಪಲ್ಟನ್ನಿನ ದಿನಚರಿ ತೆರೆಯಿರಿ. ಯುದ್ಧದಿನಚರಿಗಳು ಲಂಡನ್ ಬಳಿ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣವನ್ನೂ ಜಾಲಾಡಿ. ಸಿಪಾಯಿಯ ಹೆಸರು ಅವುಗಳಲ್ಲಿ ಸಿಗುವುದು ಅಪರೂಪ. ಆದರೆ ಆ ದಿನ ದಳ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದು ಸಿಗುತ್ತದೆ. ಮನೆಯ ಪ್ರತೀತಿಯನ್ನು ಇಲ್ಲಿ ಒರೆಗೆ ಹಚ್ಚಿ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಗೆದ್ದದ್ದು ನಿಜ, ಅಂದು ನಮ್ಮ ಕಡೆ ಸತ್ತವರು ಬೆರಳೆಣಿಕೆಯವರು. “ನಮ್ಮಜ್ಜ ಹೈಫಾದಲ್ಲಿ ವೀರಮರಣ ಹೊಂದಿದರು” ಎನ್ನುವ ಎಲ್ಲ ಮನೆಗಳ ಮಾತೂ ನಿಜವಾಗಿರಲಾರದು. ಕಾಲರಾ, ಭೇದಿ, ಬಿಸಿಲಿನ ಹೊಡೆತಕ್ಕೆ ತೀರಿಹೋದವರು ಬಹಳ. ಆಸ್ಪತ್ರೆಯಲ್ಲಿ ಸತ್ತವರೂ ಯುದ್ಧದಲ್ಲೇ ಸತ್ತವರು, ಮುಚ್ಚಿಡುವಂಥದ್ದೇನಿಲ್ಲ. 1916ರ ಏಪ್ರಿಲ್ 29ರಂದು ಇರಾಕಿನ ಕುತ್‌ನಲ್ಲಿ ತುರ್ಕರಿಗೆ ಶರಣಾದ ಬ್ರಿಟಿಷ್ ಭಾರತೀಯ ದಂಡಿನಲ್ಲಿ ಮರಾಠಾ ಪಲ್ಟನ್‌ಗಳಿದ್ದವು. ಅಲ್ಲಿ ಸೆರೆಸಿಕ್ಕಿರಬಹುದೆಂಬ ಅನುಮಾನವಿದ್ದರೆ ಜಿನೀವಾದ ರೆಡ್ ಕ್ರಾಸ್ ಅಂತರಜಾಲಕ್ಕೆ ಹಾಕಿರುವ ಕೈದಿಗಳ ದಾಖಲೆಗಳನ್ನೂ ನೋಡಿ.

8. ಹೆಸರೇ ಇಲ್ಲದಿದ್ದರೆ ಸೇರಿಸಲು ಕೇಳಿ. ಕಮಿಷನ್ ಲೆಕ್ಕಕ್ಕೆ ಹಿಡಿಯುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಯುದ್ಧ ಮುಗಿದ ಮೇಲೆ 1920ರಲ್ಲಿ ಇರಾಕಿನಲ್ಲಿ ಸೇವೆಯಲ್ಲಿದ್ದು ಜ್ವರದಿಂದ ತೀರಿಕೊಂಡವರೂ ಇದರೊಳಗೆ ಬರುತ್ತಾರೆ. ಬಿಟ್ಟುಹೋದ ಹೆಸರು, ತಪ್ಪಾದ ಕಾಗುಣಿತ ಎರಡನ್ನೂ ಅವರು ಪುರಾವೆ ನೋಡಿ ತಿದ್ದುತ್ತಾರೆ. ಪದಕದ ಅಂಚಿನ ಫೋಟೋ, ಪಿಂಚಣಿ ಕಾಗದ, ಸಾವಿನ ತಂತಿ, ಏನಿದ್ದರೂ ಜೋಡಿಸಿ ಕಳಿಸಿ. ಮನೆಯ ಹಿರಿಯರು ಇರುವಾಗಲೇ ಈ ಕೆಲಸ ಮಾಡಿ.