ಎಕ್ಸ್‌ಪೋರ್ಟ್ ಗುಂಡಿಯನ್ನು ಬೈಯುವ ಮೊದಲು

ತಮ್ಮಾ, ಎಡಿಟಿಂಗ್ ಕಸುಬಿಗೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಆಡುವ ಮಾತಿದು: ‘ಟೈಮ್‌ಲೈನ್‌ನಲ್ಲಿ ಚೆನ್ನಾಗಿಯೇ ಇತ್ತು ಸಾರ್, ಎಕ್ಸ್‌ಪೋರ್ಟ್ ಆದಮೇಲೆ ಕ್ಲಾರಿಟಿ ಹೋಯ್ತು.’ ಆಮೇಲೆ ಕೈಗೆ ಸಿಕ್ಕ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ತಿರುವಿ, ಮೂರು ಗಂಟೆಯ ಮದುವೆಯನ್ನು ಮತ್ತೆ ರೆಂಡರಿಗೆ ಹಾಕಿ ಮಲಗುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ದೋಷ ಇದ್ದಲ್ಲೇ ಇರುತ್ತದೆ. ಚಿತ್ರ ಎಲ್ಲಿ ಕೆಟ್ಟಿತು ಎಂಬುದನ್ನು ಮೊದಲು ಹುಡುಕು, ಸೆಟ್ಟಿಂಗ್ ಮುಟ್ಟುವುದು ಆಮೇಲೆ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲ ಪ್ರಶ್ನೆ, ನೀನು ನೋಡುತ್ತಿರುವುದು ಯಾವ ಫೈಲು? ಗಿರಾಕಿ ‘ಮಬ್ಬಾಗಿದೆ’ ಎಂದು ಫೋನ್ ಮಾಡಿದಾಗ ಅವರ ಕೈಯಲ್ಲಿರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ಆಗಿರಬಹುದು. ಅಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದನ್ನು ಹಿಂಡಿ ಚಿಕ್ಕದು ಮಾಡಿಯೇ ದಾಟಿಸುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಯೂಟ್ಯೂಬ್ ಕೂಡ ನೀನು ಕೊಟ್ಟದ್ದನ್ನು ಮತ್ತೊಮ್ಮೆ ಹಿಂಡುತ್ತದೆ. ಹಾಕಿದ ಹೊಸದರಲ್ಲಿ ಅಲ್ಲಿ ಸಿಗುವುದು ಕಡಿಮೆ ರೆಸಲ್ಯೂಷನ್ನಿನ ಪ್ರತಿ. ಎಚ್‌ಡಿ, 4ಕೆ ತಯಾರಾಗಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಒಂದೇ ಫ್ರೇಮನ್ನು ಮೂರು ಕಡೆ ನಿಲ್ಲಿಸಿ ನೋಡು: ಕಾರ್ಡಿನಿಂದ ಬಂದ ಮೂಲ ಕ್ಲಿಪ್ಪಿನಲ್ಲಿ, ಟೈಮ್‌ಲೈನ್‌ನಲ್ಲಿ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ. ಮೂರನ್ನೂ ನೂರಕ್ಕೆ ನೂರು ಅಳತೆಯಲ್ಲೇ ನೋಡಬೇಕು. ಪ್ರಿವ್ಯೂ ಕಿಟಕಿ ಅಂಗೈಯಗಲ ಇದ್ದಾಗ ಎಂಥ ದೋಷವೂ ಮುಚ್ಚಿಹೋಗುತ್ತದೆ. ಮೂಲದಲ್ಲೇ ಮಸುಕಿದ್ದರೆ ಸುಮ್ಮನಾಗು. ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಬರುವುದಿಲ್ಲ.

ಎರಡನೆಯದು, ದೋಷಕ್ಕೆ ಸರಿಯಾದ ಹೆಸರಿಡು. ‘ಕ್ಲಾರಿಟಿ ಇಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆಯೋ, ಬರೀ ಮೆತ್ತಗಾಗಿದೆಯೋ, ಬಣ್ಣ ಸಪ್ಪೆಯಾಗಿದೆಯೋ, ಚಲನೆ ಜರ್ಕ್ ಹೊಡೆಯುತ್ತಿದೆಯೋ? ಒಂದೊಂದಕ್ಕೂ ಬೇರೆ ಕಾರಣ, ಬೇರೆ ಮದ್ದು.

ಚೌಕ ಒಡೆಯುವುದನ್ನು ನೋಡಬೇಕಾದರೆ ಧಾರೆಯ ಹೊತ್ತಿಗೆ ಹೋಗು. ಪುರೋಹಿತರು ಕೂತು ಮಂತ್ರ ಹೇಳುವ ಶಾಟ್ ಸೊಗಸಾಗಿ ಬಂದಿರುತ್ತದೆ. ಗಟ್ಟಿಮೇಳ ಮೊಳಗಿ ನಾಲ್ಕೂ ಕಡೆಯಿಂದ ಅಕ್ಷತೆ ಬಿದ್ದದ್ದೇ ತಡ, ಮದುಮಗಳ ಮುಖ ಚೌಕಗಳಾಗಿ ಚೂರಾಗುತ್ತದೆ. ಯಾಕೆ? ಎಚ್.264 ಇರಲಿ, ಎಚ್‌ಇವಿಸಿ ಇರಲಿ, ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗಿಂತ ಏನು ಬದಲಾಯಿತೋ ಅದನ್ನಷ್ಟೇ ಬರೆದುಕೊಳ್ಳುತ್ತದೆ. ಪುರೋಹಿತರ ಶಾಟಿನಲ್ಲಿ ಬದಲಾಗುವುದು ತುಟಿ, ಕೈ, ಅಷ್ಟೇ. ಅಕ್ಷತೆ ಬೀಳುವಾಗ ಪ್ರತಿ ಕಾಳೂ ಪ್ರತಿ ಫ್ರೇಮಿನಲ್ಲಿ ಜಾಗ ಬದಲಿಸುತ್ತದೆ. ಅದರ ಮೇಲೆ ಫೋಟೊದವರ ಫ್ಲಾಶ್ ಹೊಡೆದರೆ ಇಡೀ ಚಿತ್ರವೇ ಒಂದು ಕ್ಷಣ ಬೇರೆಯಾಗಿಬಿಡುತ್ತದೆ. ನೀನು ಕೊಟ್ಟ ಬಿಟ್‌ರೇಟ್ ಅಷ್ಟೆಲ್ಲ ಬರೆಯಲು ಸಾಲದೇ ಹೋದಾಗ ಸಾಫ್ಟ್‌ವೇರ್ ಸೂಕ್ಷ್ಮಗಳನ್ನು ಕೈಬಿಟ್ಟು ಚೌಕ ಹಾಕಿ ಪಾರಾಗುತ್ತದೆ.

ಇದಕ್ಕೆ ಮದ್ದು ಬಿಟ್‌ರೇಟ್ ಏರಿಸುವುದು, ಜೊತೆಗೆ ವೇರಿಯಬಲ್ ಬಿಟ್‌ರೇಟಿನಲ್ಲಿ ಎರಡು ಪಾಸ್ ಕೊಡುವುದು. ಮೊದಲ ಪಾಸಿನಲ್ಲಿ ಕಷ್ಟದ ಜಾಗಗಳು ಗೊತ್ತಾಗುತ್ತವೆ, ಎರಡನೆಯದರಲ್ಲಿ ಅಲ್ಲಿಗೆ ಹೆಚ್ಚು ಬಿಟ್ ಸಿಗುತ್ತದೆ. 1080ಪಿ, 25 ಅಥವಾ 30 ಫ್ರೇಮಿನ ವಿಡಿಯೊಗೆ 8 ಎಂಬಿಪಿಎಸ್ ಇರಲಿ ಎಂದು ಯೂಟ್ಯೂಬ್ ಹೇಳುತ್ತದೆ. ಅಪ್‌ಲೋಡಿಗೆ ಅದು ನಡೆದೀತು, ಟಿ.ವಿ.ಯಲ್ಲಿ ನೋಡುವ ಮದುವೆಗೆ ಅದರ ಎರಡರಷ್ಟಾದರೂ ಕೊಡು.

ಇಲ್ಲಿ ಪೆನ್‌ಡ್ರೈವ್ ಅಡ್ಡ ಬರುತ್ತದೆ. ಲೆಕ್ಕ ಹಾಕು: 8 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 1 ಮೆಗಾಬೈಟ್, ಗಂಟೆಗೆ 3.6 ಜಿಬಿ. 16 ಕೊಟ್ಟರೆ 7.2 ಜಿಬಿ. ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್ 4 ಜಿಬಿ ಮೀರಿದ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಹುಡುಗರು ಇಡೀ ಮದುವೆಯನ್ನು ಒಂದೇ ಫೈಲಾಗಿ ಅದರೊಳಗೆ ತುರುಕಲು ಬಿಟ್‌ರೇಟ್ ಕತ್ತು ಹಿಸುಕುತ್ತಾರೆ. ಡಿವಿಡಿ ಕಾಲದಲ್ಲೂ ಇದೇ ಪಾಡು. 4.7 ಜಿಬಿ ಡಿಸ್ಕಿಗೆ ಮೂರು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಸಿಗುತ್ತಿತ್ತು, ಅದೂ ಸದ್ದಿನ ಪಾಲು ಸೇರಿ. ಈಗ ಆ ಹಂಗು ನಿನಗಿಲ್ಲ. ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡು. ಮನೆಯವರ ಹಳೆ ಟಿ.ವಿ. ಅದನ್ನು ಓದದಿದ್ದರೆ ವರಪೂಜೆ, ಧಾರೆ, ಆರತಕ್ಷತೆ ಎಂದು ಬೇರೆ ಬೇರೆ ಫೈಲು ಮಾಡಿಕೊಡು. ನೋಡುವವರಿಗೂ ಅದೇ ಅನುಕೂಲ.

ಚಿತ್ರ ಮೆತ್ತಗಾಗಿದ್ದರೆ ಬಿಟ್‌ರೇಟಿಗೆ ಕೈ ಹಾಕಬೇಡ, ಅಳತೆ ನೋಡು. 720ಪಿ ಕ್ಲಿಪ್ಪನ್ನು 1080ರ ಟೈಮ್‌ಲೈನಿಗೆ ಹಿಗ್ಗಿಸಿದ್ದೀಯಾ? 4ಕೆ ಶಾಟಿಗೆ ಪ್ರೀಮಿಯರ್‌ನಲ್ಲಿ ‘ಸ್ಕೇಲ್ ಟು ಫ್ರೇಮ್ ಸೈಜ್’ ಕೊಟ್ಟು ಆಮೇಲೆ ಝೂಮ್ ಮಾಡಿದ್ದೀಯಾ? ಹಾಗೆ ಮಾಡಿದರೆ ಅದು ಮೊದಲು 1080ಕ್ಕೆ ಇಳಿದು ಮತ್ತೆ ಹಿಗ್ಗುತ್ತದೆ; 4ಕೆಯಲ್ಲಿ ತೆಗೆದ ಶ್ರಮ ನೀರಲ್ಲಿ ಹೋಮ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಯೂಸ್ ಪ್ರಾಕ್ಸೀಸ್’, ‘ಯೂಸ್ ಪ್ರಿವ್ಯೂಸ್’ ಎಂಬಲ್ಲಿ ಟಿಕ್ ಬಿದ್ದಿದ್ದರೆ ಮೂಲದ ಬದಲು ಹಗುರದ ಪ್ರತಿಯೇ ಹೊರಗೆ ಬಂದೀತು.

ಬಣ್ಣ ಸಪ್ಪೆಯಾದರೆ ಗ್ರೇಡಿಂಗ್ ತಿದ್ದಲು ಓಡಬೇಡ. ವಿಡಿಯೊದಲ್ಲಿ ಸಾಮಾನ್ಯವಾಗಿ ಕಪ್ಪು 16ರಲ್ಲಿ, ಬಿಳುಪು 235ರಲ್ಲಿ ಇರುತ್ತದೆ. ಪ್ಲೇಯರ್ ಅದನ್ನು 0ಯಿಂದ 255 ಎಂದು ಓದಿದರೆ ಕಪ್ಪು ಬೂದಿಯಾಗುತ್ತದೆ. ಬೇರೊಂದು ಪ್ಲೇಯರಿನಲ್ಲಿ, ಒಂದು ಟಿ.ವಿ.ಯಲ್ಲಿ ಹಾಕಿ ನೋಡಿ ಆಮೇಲೆ ತೀರ್ಮಾನ ಮಾಡು. ಜರ್ಕ್ ಇದ್ದರೆ ಫ್ರೇಮ್ ರೇಟ್ ನೋಡು. ಫೋನಿನ 30 ಫ್ರೇಮನ್ನು 25ರ ಟೈಮ್‌ಲೈನಿಗೆ ಹಾಕಿದರೆ ಸೆಕೆಂಡಿಗೆ ಐದು ಫ್ರೇಮು ಬಿದ್ದುಹೋಗುತ್ತವೆ. ಶೂಟಿಂಗಿಗೆ ಮೊದಲೇ ಎಲ್ಲ ಕ್ಯಾಮೆರಾಗಳನ್ನೂ ಒಂದೇ ರೇಟಿಗೆ ಹೊಂದಿಸುವುದೇ ಇದಕ್ಕೆ ಪಥ್ಯ.

ಯಾರಾದರೂ ಹಳೆ ಮದುವೆ ಕ್ಯಾಸೆಟ್ ತಂದುಕೊಟ್ಟರೆ ಇನ್ನೊಂದು ಎಚ್ಚರ. ನಮ್ಮ ಪಾಲ್ ಪದ್ಧತಿಯ ಚಿತ್ರ ಡಿಜಿಟಲ್‌ಗೆ ಇಳಿದಾಗ 720 x 576, ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಅರೆ-ಚಿತ್ರಗಳು. ಅದನ್ನು ಹಾಗೇ ಹಿಗ್ಗಿಸಿದರೆ ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನ ಗೆರೆ ಏಳುತ್ತದೆ. ಮೊದಲು ಡಿಇಂಟರ್‌ಲೇಸ್ ಮಾಡು, ಅಳತೆ ಬದಲಿಸುವುದು ಆಮೇಲೆ.

ಎಲ್ಲಕ್ಕಿಂತ ದೊಡ್ಡ ಕಳ್ಳ, ಹಿಂಡಿದ್ದನ್ನೇ ಮತ್ತೆ ಹಿಂಡುವುದು. ರೇಷ್ಮೆ ಸೀರೆಯ ಕೆಂಪು ಒಡಲು ಹಸಿರು ಅಂಚನ್ನು ಕೂಡುವ ಜಾಗ ನೋಡು. 4:2:0 ವಿಡಿಯೊದಲ್ಲಿ ಬೆಳಕು ಪ್ರತಿ ಪಿಕ್ಸೆಲ್ಲಿಗೂ ಇರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದು. ಹಾಗಾಗಿ ಆ ಅಂಚು ಕ್ಯಾಮೆರಾದಲ್ಲೇ ಸ್ವಲ್ಪ ಸಡಿಲ. ಹೈಲೈಟ್ಸ್ ಮಾಡಲು ಡೆಲಿವರಿ ಎಂಪಿ4 ಅನ್ನೇ ಮತ್ತೆ ಟೈಮ್‌ಲೈನಿಗೆ ಎಳೆದು, ರೀಲ್ಸಿಗೆ ಅದರಿಂದಲೂ ಇನ್ನೊಂದು ತೆಗೆದರೆ ಜರಿಯ ಎಳೆ ಯಾವುದು, ಬಟ್ಟೆ ಯಾವುದು ಗೊತ್ತಾಗುವುದಿಲ್ಲ. ಕೆಲಸ ಮುಗಿದಾಗ ಪ್ರೋರೆಸ್ ಇಲ್ಲವೇ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಒಂದು ಮಾಸ್ಟರ್ ತೆಗೆದಿಡು. ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಪೆನ್‌ಡ್ರೈವ್, ಯೂಟ್ಯೂಬ್, ರೀಲ್ಸ್ ಎಲ್ಲವೂ ಅದರಿಂದಲೇ ಹುಟ್ಟಲಿ.

ಪರೀಕ್ಷೆಗೆ ಮೂರು ಗಂಟೆ ರೆಂಡರ್ ಬೇಡ. ಅಕ್ಷತೆ, ಫ್ಲಾಶ್, ಹೋಮದ ಹೊಗೆ ಇರುವ ಹತ್ತು ಸೆಕೆಂಡ್ ಕತ್ತರಿಸಿಕೋ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸು, ಏನು ಬದಲಿಸಿದೆ ಎಂದು ಫೈಲಿನ ಹೆಸರಿನಲ್ಲೇ ಬರೆ. ಅಲ್ಲಿ ಗೆದ್ದದ್ದನ್ನು ಇಡೀ ಮದುವೆಗೆ ಕೊಡು. ಡೆಲಿವರಿ ಫೈಲನ್ನು ಗಿರಾಕಿಗೆ ಕೊಡುವ ಮೊದಲು ಒಮ್ಮೆ ದೊಡ್ಡ ಟಿ.ವಿ.ಯಲ್ಲಿ ನೀನೇ ನೋಡು. ಅವರು ಅದನ್ನು ನೋಡುವುದು ನಿನ್ನ ಎಡಿಟಿಂಗ್ ಮಾನಿಟರಿನಲ್ಲಲ್ಲ. ಅವರು ಪ್ರತಿ ಸರಿಯಾಗಿದೆ ಎಂದು ಒಪ್ಪುವ ತನಕ ಕ್ಯಾಮೆರಾದ ಕಾರ್ಡು ಅಳಿಸಬೇಡ. ಎಕ್ಸ್‌ಪೋರ್ಟ್ ಎಷ್ಟು ಸಲ ಬೇಕಾದರೂ ಮಾಡಬಹುದು, ಮುಹೂರ್ತ ಮತ್ತೆ ಬರುವುದಿಲ್ಲ.